ಮುಖ ಕೊನೆಗೆ

ನನ್ನ ಅಮ್ಮನಿಗೆ ಅವಳ ಅಕ್ಕನ ಮೇಲೆ ಇದ್ದದ್ದು ಒಂದೇ ದೂರು. ತಾನು ಹುಟ್ಟಿದಾಗಿನಿಂದ ಅಕ್ಕ ಒಂದು ಸಲವಾದರೂ ತನ್ನ ಮುಖವನ್ನು ಸರಿಯಾಗಿ ನೋಡಿಲ್ಲ ಎಂಬುದು ಆ ದೂರು. ಹಾಗಂತ ಅವರಿಬ್ಬರೂ ಮಾತು ಬಿಟ್ಟವರಲ್ಲ. ಭಾನುವಾರ ಬಂತೆಂದರೆ ಒಬ್ಬಳು ಇನ್ನೊಬ್ಬಳ ಮನೆಯಲ್ಲಿ. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುತ್ತಿದ್ದಳು. ಆದರೂ ದೂರು ದೂರೇ. ಆ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಚಿತ್ರಕಲಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಚಿತ್ರ ಬರೆಯುವುದನ್ನು ಬೇರೆಯವರು ಕಲಿಸುತ್ತಿದ್ದರು, ಇವಳು ಕಲಿಸುತ್ತಿದ್ದುದು ಚಿತ್ರ ನೋಡುವುದನ್ನು. ಊರಿನ ಮಕ್ಕಳಿಗೆಲ್ಲ ನೋಡುವುದು ಕಲಿಸುವವಳಿಗೆ ಎದುರು ನಿಂತ ತಂಗಿ ಕಾಣುವುದಿಲ್ಲ ಎಂದು ಅಮ್ಮ ಗೊಣಗಿದರೆ, ಅಪ್ಪ ‘ದೀಪದ ಬುಡದಲ್ಲಿ ಕತ್ತಲೆ’ ಎಂದು ಒಗ್ಗರಣೆ ಹಾಕಿ ಪತ್ರಿಕೆಯ ಹಿಂದೆ ಅಡಗಿಕೊಳ್ಳುತ್ತಿದ್ದರು.

ದೂರಿಗೆ ಸಾಕ್ಷಿಯಾಗಿ ಅಮ್ಮ ಯಾವಾಗಲೂ ತನ್ನ ಮದುವೆಯ ದಿನವನ್ನು ತರುತ್ತಿದ್ದಳು. ಅಂದು ಅವಳು ಸಿಂಗರಿಸಿಕೊಂಡು ಫೋಟೊಗೆಂದು ಪರದೆಯ ಮುಂದೆ ನಿಂತಿದ್ದಾಳೆ. ಬಂದವರೆಲ್ಲ ಬಾಯಿ ತುಂಬ ಹೊಗಳಿದ್ದಾರೆ. ಅವಳಿಗೆ ಬೇಕಾದದ್ದು ಅಕ್ಕನ ಒಂದು ಮಾತು. ಅಕ್ಕ ಬಂದಳು, ಎರಡು ಕೈ ಕಟ್ಟಿಕೊಂಡು ನಿಂತಳು, ತಲೆಯಿಂದ ಕಾಲಿನವರೆಗೆ, ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ನೋಡಿದಳು. ಆಮೇಲೆ ಹೇಳಿದ್ದು ಇಷ್ಟು: ಪರದೆ ತೀರ ಕಡುಬಣ್ಣದ್ದಾಯಿತು, ನಿನ್ನ ಕೂದಲು ಅದರಲ್ಲಿ ಕರಗಿಹೋಗಿದೆ, ಇದನ್ನು ತೆಗೆಸಿ ಬೇರೆ ಹಾಕಿಸು. ಪರದೆ ಬದಲಾಯಿತು. ಫೋಟೊ ಬಹಳ ಚೆನ್ನಾಗಿ ಬಂತು, ಇವತ್ತಿಗೂ ಅಮ್ಮ ಅದನ್ನು ಹೆಮ್ಮೆಯಿಂದ ತೋರಿಸುತ್ತಾಳೆ. ಆದರೆ ಆ ಮಾತನ್ನು ಮಾತ್ರ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ.

ನನಗೆ ದೊಡ್ಡಮ್ಮನ ಗುಟ್ಟು ಗೊತ್ತಾದದ್ದು ನಾನೇ ಅವಳ ವಿದ್ಯಾರ್ಥಿನಿಯಾದ ಮೇಲೆ. ಗುಟ್ಟೇನು, ಅವಳ ಪಾಠವೇ ಅದು.

ಶಾಲೆ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಬೀಗದ ಅಂಗಡಿ, ಅದರ ಪಕ್ಕದಲ್ಲಿ ಮೆಟ್ಟಿಲು. ಮೆಟ್ಟಿಲಿಗೇ ಟರ್ಪೆಂಟೈನಿನ ವಾಸನೆ ಹಿಡಿದಿತ್ತು, ಹತ್ತಿ ಹೋದರೆ ಒದ್ದೆ ಜೇಡಿಮಣ್ಣಿನ ವಾಸನೆ, ಆಮೇಲೆ ಉದ್ದನೆಯ ಕೋಣೆಯ ಕೊನೆಯಲ್ಲಿ ದೊಡ್ಡಮ್ಮನ ತರಗತಿ. ಅಲ್ಲಿ ಮಾತ್ರ ಯಾವ ವಾಸನೆಯೂ ಇರುತ್ತಿರಲಿಲ್ಲ, ಕಿಟಕಿ ತೆರೆದೇ ಇರುತ್ತಿತ್ತು. ಈಗ ಆ ಮಹಡಿಯಲ್ಲಿ ಹಲ್ಲಿನ ದವಾಖಾನೆ ಇದೆ. ಹೋದ ವರ್ಷ ದವಡೆ ನೋವಿಗೆ ಹೋದಾಗ ವೈದ್ಯರು ನನ್ನನ್ನು ಮಲಗಿಸಿದ್ದು ಸರಿಯಾಗಿ ಆ ಕಿಟಕಿಯ ಕೆಳಗೆ. ಬಾಯಿ ತೆರೆದುಕೊಂಡು ಮಲಗಿದ್ದವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವರು ಸೂಜಿ ಚುಚ್ಚಿತೆಂದುಕೊಂಡರು.

ಮೊದಲ ದಿನ ದೊಡ್ಡಮ್ಮ ಒಂದೇ ಒಂದು ಚಿತ್ರ ತಂದು ಹಲಗೆಗೆ ಸಿಕ್ಕಿಸಿದಳು. ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನು ಒತ್ತಿ ತೆಗೆದ ಅಚ್ಚು. ನೂರಾರು ವರ್ಷ ಹಳೆಯದು. ಯುರೋಪಿನಲ್ಲಿ ಬರೋಕ್ ಎಂದು ಕರೆಯುವ ಕಾಲದ್ದು. ಒಬ್ಬ ಹೆಂಗಸಿನ ಭಾವಚಿತ್ರ. ಕೆಳಗೆ ಅವಳ ಹೆಸರು, ಬಿರುದು ಅಚ್ಚಾಗಿದ್ದ ಜಾಗದ ಮೇಲೆ ದೊಡ್ಡಮ್ಮ ಕಂದು ಕಾಗದದ ಪಟ್ಟಿ ಅಂಟಿಸಿದ್ದಳು. ಹೆಸರು ಓದಿದವರು ಚಿತ್ರ ನೋಡುವುದಿಲ್ಲ ಎಂಬುದು ಅವಳ ಸಿದ್ಧಾಂತ. ಒಂದು ಗಂಟೆ ಸುಮ್ಮನೆ ನೋಡಿ, ಆಮೇಲೆ ಕಂಡದ್ದನ್ನು ಹೇಳಿ ಎಂದಳು. ಗಂಟೆ ಕಳೆದ ಮೇಲೆ ನೆಟ್ಟಗೆ ನನ್ನತ್ತ ತಿರುಗಿ ‘ನೀವು ಮೊದಲು’ ಅಂದಳು. ಹಿಂದಿನ ದಿನ ನನ್ನ ಜಡೆ ಎಳೆದು ಬೈದವಳು ಇವತ್ತು ಬಹುವಚನ ಹಚ್ಚಿದ್ದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ತರಗತಿಯಲ್ಲಿ ಅವಳು ಯಾರಿಗೂ ಮುಖ ನೋಡಿ ಮಣೆ ಹಾಕುವವಳಲ್ಲ, ತಂಗಿಯ ಮಗಳೋ ಬೇರೆಯವರ ಮಗಳೋ ಎಲ್ಲ ಒಂದೇ.

ಚೆಂದ ಇದ್ದಾಳೆ ಎಂದೆ. ಅದು ಅವಳ ತಾಯಿಗೆ ಹೇಳಬೇಕಾದ ಮಾತು, ನನಗಲ್ಲ ಎಂದಳು. ಹಿಂದಿನ ಬೆಂಚಿನವನು ಧೈರ್ಯ ಮಾಡಿ, ಆಕೆಗೆ ಏನೋ ದುಃಖ ಇದೆ ಎಂದ. ದೊಡ್ಡಮ್ಮ ಅವನನ್ನು ಹಲಗೆಯ ಬಳಿ ಕರೆದು, ಕೈಗೆ ಭೂತಗನ್ನಡಿ ಕೊಟ್ಟು, ದುಃಖ ಯಾವ ಗೆರೆಯಲ್ಲಿದೆ ತೋರಿಸಿ ಎಂದಳು. ಅವನು ಕಣ್ಣಿನ ಕೆಳಗೆ ಬೆರಳಿಟ್ಟ. ಅಲ್ಲಿದ್ದದ್ದು ಬಾಗಿದ ಮೂರು ಪುಟ್ಟ ಗೆರೆ, ಅವುಗಳ ತುದಿಯಲ್ಲಿ ಕೆಲವು ಚುಕ್ಕೆ.

‘ಮೂರು ಗೆರೆ’ ಎಂದಳು ದೊಡ್ಡಮ್ಮ. ‘ನಾಲ್ಕನೇದು ಹಾಕಿದ್ರೆ ಮುದುಕಿ ಆಗ್ತಿದ್ದಳು. ಒಂದು ಬಿಟ್ಟಿದ್ರೆ ಗೊಂಬೆ. ನೀವು ಅದಕ್ಕೆ ದುಃಖ ಅಂತ ಹೆಸರಿಟ್ರಿ, ಕೆತ್ತಿದವನು ಬರೀ ಮೂರು ಗೆರೆ ಎಳೆದ.’

ಆಮೇಲೆ ಪಾಠ ಶುರುವಾಯಿತು. ಮುಖದಿಂದ ಶುರು ಮಾಡಬಾರದು ಎಂಬುದೇ ಅದರ ಮೊದಲ ಮತ್ತು ಕೊನೆಯ ನಿಯಮ. ಮುಖ ಅನ್ನುವುದು ಅಂಟು, ಅಲ್ಲಿ ಕಣ್ಣಿಟ್ಟರೆ ಬೇರೆಲ್ಲಿಗೂ ಬಿಡುವುದಿಲ್ಲ ಎನ್ನುತ್ತಿದ್ದಳು. ಮೊದಲು ಕಾಗದದ ಅಂಚು, ತಗಡು ಒತ್ತಿದ ಕಡೆ ಕಾಗದ ತಗ್ಗಾಗಿರುವ ಗುರುತು. ಅಲ್ಲಿಂದ ಒಳಗೆ ಬಂದರೆ ಕಲ್ಲಿನಲ್ಲಿ ಕಡೆದಂತೆ ಕಾಣುವ ಮೊಟ್ಟೆಯಾಕಾರದ ಚೌಕಟ್ಟು. ಕಲ್ಲೂ ಕಾಗದವೇ, ಆದರೂ ಕೈ ಇಟ್ಟರೆ ತಣ್ಣಗಿರಬಹುದು ಎನಿಸುತ್ತಿತ್ತು. ಆ ಹೆಂಗಸಿನ ರೇಷ್ಮೆಯ ಮೇಲುಹೊದಿಕೆಯ ಒಂದು ಮಡಿಕೆ ಚೌಕಟ್ಟಿನ ಒಳಗೆ ಇರಲಾರದೆ ಕಲ್ಲಿನ ಅಂಚಿನ ಮೇಲಿಂದ ಈಚೆಗೆ ಜಾರಿತ್ತು. ಇದೇ ಬರೋಕಿನ ಚಾಳಿ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಆ ಕಾಲದವರಿಗೆ ಸುಮ್ಮನೆ ಕೂರಲು ಬರುವುದಿಲ್ಲ, ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲೂ ಅವರ ಬಟ್ಟೆಗೆ ಎಲ್ಲಿಂದಲೋ ಗಾಳಿ ಬೀಸುತ್ತದೆ, ಎದೆ ಒಂದು ಕಡೆ ತಿರುಗಿದರೆ ತಲೆ ಇನ್ನೊಂದು ಕಡೆ, ಕಣ್ಣು ಮೂರನೆಯ ಕಡೆ.

ಬೆಳಕು ಮೇಲಿನ ಎಡಗಡೆಯಿಂದ ಬೀಳುತ್ತಿತ್ತು. ಕೆತ್ತುವವನ ಜಾಣತನ ಅಲ್ಲೇ ಇತ್ತು. ಬೆಳಕು ಬಿದ್ದ ಕೆನ್ನೆಯ ಹಿಂದೆ ಗೆರೆಯ ಮೇಲೆ ಅಡ್ಡಗೆರೆ ಎಳೆದು ಹಿನ್ನೆಲೆಯನ್ನು ಕಪ್ಪಾಗಿಸಿದ್ದ, ನೆರಳು ಬಿದ್ದ ಕೆನ್ನೆಯ ಹಿಂದೆ ಗೆರೆಗಳನ್ನು ವಿರಳ ಮಾಡಿ ಹಿನ್ನೆಲೆಗೆ ಬೆಳಕು ಬಿಟ್ಟಿದ್ದ. ಹೀಗಾಗಿ ಎರಡೂ ಕೆನ್ನೆಗಳು ಕಾಗದದಿಂದ ಮೇಲೆದ್ದು ನಿಂತಿದ್ದವು. ಕೊರಳಪಟ್ಟಿಯ ಕಸೂತಿಯಲ್ಲಿ ಬಿಳಿ ಬಣ್ಣವೇ ಇರಲಿಲ್ಲ. ತೂತುಗಳನ್ನಷ್ಟೇ ಕೊರೆದು ದಾರವನ್ನು ಕೊರೆಯದೆ ಬಿಟ್ಟಿದ್ದ. ಮುತ್ತಿನ ಸರದ ಹೊಳಪು ಅಂದರೆ ಉಳಿ ಮುಟ್ಟದ ಜಾಗ. ರೇಷ್ಮೆಯ ಮೇಲೆ ಒಂದೇ ಗೆರೆ ಸಣ್ಣಗೆ ಹೊರಟು, ಮಡಿಕೆಯ ನೆರಳಿನಲ್ಲಿ ದಪ್ಪವಾಗಿ, ಮತ್ತೆ ಬೆಳಕಿಗೆ ಬರುವಾಗ ಕೂದಲಿನಷ್ಟಾಗಿ ಮುಗಿಯುತ್ತಿತ್ತು. ಈ ಎಲ್ಲ ಊರುಕೇರಿ ಸುತ್ತಿ ಕೊನೆಗೆ ಮುಖಕ್ಕೆ ಬರುವಷ್ಟರಲ್ಲಿ ಎರಡು ತಿಂಗಳಾಗಿತ್ತು, ನಾವು ಅವಳ ಕಿವಿಯ ಲೋಲಕ್ಕಿನ ನೆರಳನ್ನು ಕೂಡ ನಿದ್ದೆಯಲ್ಲಿ ಕೇಳಿದರೂ ಹೇಳುವಂತಾಗಿದ್ದೆವು. ಮುಖ ಬಂದ ದಿನ ಎಲ್ಲರೂ ಬೆಂಚು ಬಿಟ್ಟು ಹಲಗೆಯ ಹತ್ತಿರ ಹೋದೆವು. ದೂರದಿಂದ ಬಂದ ನೆಂಟರನ್ನು ನಿಲ್ದಾಣದಲ್ಲಿ ಕಂಡಂತಾಯಿತು.

ವರ್ಷದ ಕೊನೆಯಲ್ಲಿ ಪಟ್ಟಿ ಕಿತ್ತು ಹೆಸರು ತೋರಿಸಿದಳು. ಯಾರೋ ಒಬ್ಬ ಅಧಿಕಾರಿಯ ಹೆಂಡತಿ. ಅಷ್ಟೇನಾ ಎಂದು ನಾವೆಲ್ಲ ಮೂಗು ಮುರಿದೆವು. ದೊಡ್ಡಮ್ಮನಿಗೆ ಅದೇ ಬೇಕಾಗಿತ್ತು, ಖುಷಿಯಾಗಿ ಎಲ್ಲರಿಗೂ ಚಹಾ ಕೊಡಿಸಿದಳು.

ಮನೆಯಲ್ಲೂ ಅವಳ ಪಾಠ ನಿಲ್ಲುತ್ತಿರಲಿಲ್ಲ ಎಂಬುದೇ ತೊಂದರೆ. ನಮ್ಮ ಮನೆಯ ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡಿದಳೆಂದರೆ, ಹೇಗಿದ್ದೀಯ ಎಂದು ಕೇಳುವ ಬದಲು ಎಡ ಭುಜ ಇಳಿದಿದೆ, ಭಾರದ ಚೀಲ ಹೊರಬೇಡ ಎನ್ನುತ್ತಿದ್ದಳು. ಮಾತು ನಿಜವೇ, ಅಮ್ಮನಿಗೆ ಭುಜ ನೋಯುತ್ತಲೂ ಇತ್ತು. ಆದರೆ ನಿಜ ಹೇಳಿದ ಮಾತ್ರಕ್ಕೆ ಯಾರ ಹೊಟ್ಟೆ ತಂಪಾಗುತ್ತದೆ? ಮದುವೆಗೆಂದು ಒಬ್ಬರು ದೊಡ್ಡಮ್ಮನನ್ನು ನೋಡಲು ಬಂದದ್ದೂ ಇದೇ ರೀತಿ ಮುಗಿಯಿತಂತೆ. ನೀರು ಸರಬರಾಜು ಕಚೇರಿಯ ಗುಮಾಸ್ತರು, ಒಳ್ಳೆಯವರು. ಅಮ್ಮ ಹೇಳುವ ಪ್ರಕಾರ, ದೊಡ್ಡಮ್ಮ ಅವರ ಬೂಟಿನಿಂದ ಹೊರಟು ಮುಖಕ್ಕೆ ಬರುವಷ್ಟರಲ್ಲಿ ಅವರು ಬಸ್ಸು ಹಿಡಿದಿದ್ದರು. ದೊಡ್ಡಮ್ಮ ಹೇಳುವ ಪ್ರಕಾರ, ಅವರು ತಮ್ಮ ಕಚೇರಿಯ ಕೊಳಾಯಿಗಳ ಬಗ್ಗೆ ಮಾತಾಡಿದ್ದು ಬಿಟ್ಟರೆ ಬೇರೆ ಮಾತೇ ಆಡಲಿಲ್ಲ. ಇಬ್ಬರ ಮಾತೂ ನಿಜವಿರಬಹುದು. ಮದುವೆಯಂತೂ ಆಗಲಿಲ್ಲ, ಅದಕ್ಕಾಗಿ ಅವಳು ಕೊರಗಿದ್ದನ್ನೂ ನಾನು ಕಾಣೆ.

ನಿವೃತ್ತಿಯ ದಿನ ಶಾಲೆಯವರು ಆ ಅಚ್ಚನ್ನೇ ಅವಳಿಗೆ ಕೊಟ್ಟರು. ಬೇರೆ ಯಾರಿಗೂ ಅದು ಬೇಕಾಗಿರಲಿಲ್ಲ. ಅವಳು ಅದನ್ನು ತನ್ನ ಎರಡು ಕೋಣೆಯ ಮನೆಯಲ್ಲಿ, ಹಾಸಿಗೆಯ ಎದುರಿನ ಗೋಡೆಗೆ ಹಾಕಿಕೊಂಡಳು. ಈಗ ಅದು ನನ್ನ ಮನೆಯಲ್ಲಿದೆ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ದೊಡ್ಡಮ್ಮ ಅಲ್ಲೇ ಕುಸಿದಳು. ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ನಿಂತಿತ್ತು. ಕೈಕಾಲು ಬೇಗ ಸರಿಹೋಯಿತು, ಮಾತಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ಓಡಿಕೊಂಡು ಹೋಗಿ ಮಂಚದ ಪಕ್ಕ ನಿಂತಳು. ಏನೂ ಕೇಳುವ ಮುಂಚೆ ಜಾರಿದ್ದ ಹೊದಿಕೆಯನ್ನು ಸರಿಮಾಡಿದಳು. ದೊಡ್ಡಮ್ಮ ಅವಳನ್ನು ನೋಡಿ ಬಹಳ ಮರ್ಯಾದೆಯಿಂದ ಕೇಳಿದಳು: ‘ನೀವು ಯಾರನ್ನ ನೋಡೋಕೆ ಬಂದಿದೀರಿ?’

ಅಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಅಳತೊಡಗಿದ ಕೂಡಲೇ ದೊಡ್ಡಮ್ಮ ದನಿ ಗುರುತಿಸಿ, ಅಯ್ಯೋ ಪುಟ್ಟಿ, ನೀನಾ ಎಂದು ಕೈ ಹಿಡಿದುಕೊಂಡಳು. ಆದರೆ ಆಗಬೇಕಾದದ್ದು ಆಗಿಹೋಗಿತ್ತು. ವೈದ್ಯರು ವಿವರಿಸಿದರು: ಕಣ್ಣಿನಲ್ಲಿ ಯಾವ ದೋಷವೂ ಇಲ್ಲ, ಮುಖದ ಭಾಗಗಳನ್ನೆಲ್ಲ ಸೇರಿಸಿ ಇವರು ಇಂಥವರು ಎಂದು ಹೇಳುವ ಮೆದುಳಿನ ಜಾಗ ಕೆಟ್ಟಿದೆ. ಮೂಗು ಕಾಣುತ್ತದೆ, ಬಾಯಿ ಕಾಣುತ್ತದೆ, ಆದರೆ ಯಾರೆಂದು ತಿಳಿಯುವುದಿಲ್ಲ. ಅದು ಮರಳಿ ಬರುವ ಭರವಸೆ ಕೊಡಲಾರೆ ಎಂದರು.

ದೊಡ್ಡಮ್ಮ ಇದನ್ನು ನಮಗಿಂತ ಹಗುರವಾಗಿ ತೆಗೆದುಕೊಂಡಳು. ನಮ್ಮ ಮನೆಯವರೂ ಉಪಾಯ ಕಂಡುಕೊಂಡರು. ಅಪ್ಪ ಒಳಗೆ ಬರುವ ಮುಂಚೆ ಜೋರಾಗಿ ಕೆಮ್ಮುತ್ತಿದ್ದರು. ನಾನು ದೊಡ್ಡಮ್ಮ ಎಂದು ಕೂಗುತ್ತಲೇ ಬರುತ್ತಿದ್ದೆ. ಉಪಾಯಕ್ಕೆ ಒಪ್ಪದವಳು ಅಮ್ಮ ಒಬ್ಬಳೇ. ದನಿ ಕೇಳಿದರೆ ಕುರುಡರೂ ಗುರುತು ಹಿಡಿಯುತ್ತಾರೆ, ಅದೇನು ದೊಡ್ಡಸ್ತಿಕೆ ಎಂದು ಅವಳ ವಾದ. ಒಡಹುಟ್ಟಿದ ತಂಗಿಯನ್ನು ನೋಡಿಯೇ ಗುರುತಿಸಬೇಕು. ಭಾನುವಾರ ಬಾಯಿಗೆ ಬೀಗ ಹಾಕಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಾಯಿಲೆಯವಳನ್ನು ಪರೀಕ್ಷೆಗೆ ಕೂರಿಸಬೇಡ ಎಂದು ಅಪ್ಪ ಬುದ್ಧಿ ಹೇಳಿದರೂ ಕೇಳಲಿಲ್ಲ. ನನಗೂ ಸಿಟ್ಟು ಬರುತ್ತಿತ್ತು. ಆದರೆ ಬಾಗಿಲಲ್ಲಿ ನಿಂತಾಗಿನ ಅವಳ ಮುಖ ನೋಡಿದವರಿಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಹೆಸರು ಕೂಗುವುದನ್ನು ಕಾಯುವ ಹುಡುಗಿಯ ಹಾಗೆ ನಿಂತಿರುತ್ತಿದ್ದಳು. ಇನ್ನು ಗುರುತಿಸದೆ ಹೋದರೆ ಅಕ್ಕನ ಬದುಕಿನಲ್ಲಿ ತಾನು ಇಲ್ಲವೇ ಇಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಕೆಲವು ವಾರ ಸೋತಳು. ಆಮೇಲೆ ಗೆಲ್ಲತೊಡಗಿದಳು. ಅವಳ ಹತ್ತಿರ ಇಟ್ಟಿಗೆ ಬಣ್ಣದ ಒಂದು ಉಣ್ಣೆಯ ಶಾಲು ಇತ್ತು, ಚಳಿ ಶುರುವಾದ ಮೇಲೆ ಅದನ್ನು ಹೊದ್ದುಕೊಂಡು ಹೋಗುತ್ತಿದ್ದಳು. ಬಾಗಿಲಲ್ಲಿ ನಿಂತ ಕೂಡಲೇ ದೊಡ್ಡಮ್ಮ ‘ಬಾ ಪುಟ್ಟಿ’ ಅನ್ನುತ್ತಿದ್ದಳು. ಅಂಥ ದಿನ ಮನೆಗೆ ಬಂದ ಅಮ್ಮ ಹಾಡು ಗುನುಗುತ್ತ ಅಡುಗೆ ಮಾಡುತ್ತಿದ್ದಳು. ಅಕ್ಕ ಗುರುತಿಸಿದ್ದು ಯಾವುದನ್ನು ಎಂದು ನಮಗೆಲ್ಲ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಭಾನುವಾರ ಶಾಲನ್ನು ಅಲ್ಲೇ ಮರೆತು ಬಂದಳು. ಮುಂದಿನ ಭಾನುವಾರ ನಾನೂ ಅವಳ ಜೊತೆಗಿದ್ದೆ. ಬಾಗಿಲು ಓರೆಯಾಗಿತ್ತು, ಒಳಗಿನಿಂದ ದೊಡ್ಡಮ್ಮನ ದನಿ ಕೇಳುತ್ತಿತ್ತು. ಹಗಲು ಅವಳನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮ ರಜೆಯಲ್ಲಿದ್ದುದರಿಂದ ಆವತ್ತು ಬೇರೆ ಒಬ್ಬರು ಬಂದಿದ್ದರು. ಚಳಿಯೆಂದು ಕೈಗೆ ಸಿಕ್ಕ ಇಟ್ಟಿಗೆ ಬಣ್ಣದ ಶಾಲನ್ನು ಹೊದ್ದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ದೊಡ್ಡಮ್ಮ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮಾತಾಡುತ್ತಿದ್ದಳು. ಆಕೆ ಪಾಪ, ಮುದುಕಿ ಇಷ್ಟು ಪ್ರೀತಿಯಿಂದ ಮಾತಾಡುತ್ತಿದ್ದಾರೆ, ಯಾಕೆ ತಡೆಯಬೇಕು ಎಂದು ಸುಮ್ಮನೆ ತಲೆಯಾಡಿಸುತ್ತಿದ್ದರಂತೆ.

‘ನೀನು ಚಿಕ್ಕವಳಿದ್ದಾಗ ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು ಓದ್ತಾ ಕೂರ್ತಿದ್ದೆ. ಓದೋದೆಲ್ಲಿ ಬಂತು, ನಿನ್ನ ಮುಖಾನೇ ನೋಡ್ತಾ ಇದ್ದುಬಿಡ್ತಿದ್ದೆ. ಪರೀಕ್ಷೇಲಿ ಡುಮ್ಕಿ ಹೊಡೆದೆ. ಆವಾಗ್ಲೇ ಪುಟ್ಟಿ, ಮುಖಾನ ಕೊನೆಗೆ ಇಟ್ಕೋಬೇಕು ಅಂತ ಕಲಿತದ್ದು. ಮೊದಲೇ ನೋಡಿಬಿಟ್ರೆ ಬೇರೆ ಏನೂ ಕಾಣಲ್ಲ.’

ಅಮ್ಮ ಜೀವಮಾನವೆಲ್ಲ ಕಾದಿದ್ದ ಮಾತು. ಅದನ್ನು ಕೇಳಿಸಿಕೊಂಡಾಕೆ ಯಾರೋ, ಊರು ಹೆಸರು ಗೊತ್ತಿಲ್ಲದ ನರ್ಸಮ್ಮ. ಅಮ್ಮ ಬಾಗಿಲನ್ನು ದಡಾರನೆ ತಳ್ಳಿ ಒಳಗೆ ನುಗ್ಗಿದಳು.

‘ಅಕ್ಕ, ನಾನಿಲ್ಲಿದೀನಿ. ಅದು ನನ್ನ ಶಾಲು ಅಷ್ಟೇ.’

ಆಮೇಲಿನ ಗಲಾಟೆಯನ್ನು ಬರೆಯುವುದಿಲ್ಲ. ನರ್ಸಮ್ಮ ಶಾಲು ಕಳಚಿ ಮಡಚಿಟ್ಟು ಅಡುಗೆಮನೆಗೆ ಓಡಿದರು. ಅಮ್ಮ ಅಳುತ್ತ ಬೈದಳು, ಬೈಯುತ್ತ ಅತ್ತಳು. ನನ್ನ ಮಾತನ್ನು ನನಗೆ ಹೇಳದೆ ದಾರಿಹೋಕರಿಗೆ ಹೇಳಿದೆಯಲ್ಲ ಎಂಬುದು ಎಲ್ಲದರ ಸಾರ. ಕಾಯಿಲೆ ಬಂದಾಗ ನಗುತ್ತಿದ್ದ ದೊಡ್ಡಮ್ಮ ಆವತ್ತು ಮೊದಲ ಸಲ ನಾಚಿಕೆಯಿಂದ ತಲೆ ತಗ್ಗಿಸಿದ್ದನ್ನು ನೋಡಿದೆ. ಶಾಲು ನೋಡಿ ನೀನೇ ಅಂದುಕೊಂಡೆ, ಹೆಸರು ಓದಿ ಚಿತ್ರ ನೋಡಿದೆ ಅಂದ ಹಾಗಾಯಿತು, ಜೀವಮಾನವೆಲ್ಲ ಮಕ್ಕಳಿಗೆ ಬೇಡವೆಂದದ್ದನ್ನು ನಾನೇ ಮಾಡಿದೆ ಎಂದಳು. ಆಮೇಲೆ ಮೇಷ್ಟರ ದನಿಯಲ್ಲಿ, ಶಾಲು ಬೇಡ, ಕುರ್ಚಿ ಕಿಟಕಿಯ ಹತ್ತಿರ ಹಾಕಿಕೊಂಡು ಕೂರು ಎಂದು ಅಮ್ಮನಿಗೆ ಹೇಳಿದಳು.

ಅಮ್ಮ ಮೂಗು ಒರೆಸಿಕೊಂಡು ಕೂತಳು. ದೊಡ್ಡಮ್ಮ ಅವಳನ್ನು ನೋಡತೊಡಗಿದಳು. ಆ ಪಾಠವನ್ನು ನಾನು ಎಷ್ಟೋ ಸಲ ಕೇಳಿದ್ದೆ, ಆದರೆ ಜೀವವಿರುವ ಮನುಷ್ಯರ ಮೇಲೆ ಇಷ್ಟು ದೀರ್ಘವಾಗಿ ನಡೆದದ್ದನ್ನು ಕಂಡದ್ದು ಆಗಲೇ. ಬೆಳಕು ಬಲಗಡೆಯಿಂದ ಬರುತ್ತಿದೆ ಎಂದಳು. ಕುರ್ಚಿಯ ಅಂಚಿಗೆ ಕೂತಿದ್ದಾಳೆ, ಯಾರಾದರೂ ಕರೆದರೆ ಎದ್ದು ಓಡುವವಳ ಹಾಗೆ. ಬೆನ್ನು ಒರಗಿಸಿ ಕೂತು ಅಭ್ಯಾಸವಿಲ್ಲದವಳು ಎಂದಳು. ಎಡ ಭುಜ ಇಳಿದಿದೆ. ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಒಳಗೆ ಅಡಗಿದೆ, ಚಿಕ್ಕ ಮಕ್ಕಳು ಮಲಗುವಾಗ ಹಿಡಿಯುವ ಹಾಗೆ. ಕತ್ತಿನ ಹಿಂದೆ ಒಂದು ಕೂದಲ ಎಳೆ ಸಡಿಲವಾಗಿದೆ, ಬೆಳಕು ಅಲ್ಲಿ ನಿಂತಿದೆ. ಹೇಳುತ್ತ ಹೇಳುತ್ತ ಅವಳ ದನಿ ಮೆತ್ತಗಾಯಿತು. ಇದು ಪುಟ್ಟಿಯೇ ಎಂದಳು. ಅಮ್ಮ ಮುಂದಕ್ಕೆ ಬಾಗಿ, ಮುಖ ಹೇಗಿದೆ ಎಂದು ಕೇಳಿದಳು.

ದೊಡ್ಡಮ್ಮ ನೋಡಿದಳು. ತುಂಬ ಹೊತ್ತು ನೋಡಿದಳು.

‘ಭಾಗ ಭಾಗ ಕಾಣುತ್ತೆ. ಒಟ್ಟಾಗಿ ನಿಲ್ಲಲ್ಲ, ಪುಟ್ಟಿ. ನೀನೇ ಹೇಳು. ನೀನು ಹೇಳಿದ್ರೆ ಮನಸ್ಸಲ್ಲಿ ಇಟ್ಕೊಳ್ತೀನಿ.’

ಅಮ್ಮನಿಗೆ ತನ್ನ ಮುಖವನ್ನು ಹೇಳಲು ಬರಲಿಲ್ಲ. ಐವತ್ತು ವರ್ಷ ಹೊತ್ತು ತಿರುಗಿದ ಮುಖ! ಬಚ್ಚಲಿನ ಕನ್ನಡಿಯನ್ನು ಕಿತ್ತು ತಂದು ಮಡಿಲಲ್ಲಿಟ್ಟುಕೊಂಡಳು. ಹಣೆ ಅಗಲ, ಎಂದು ಶುರು ಮಾಡಿದಳು. ಎಡಗಣ್ಣು ಬಲಗಣ್ಣಿಗಿಂತ ಚೂರು ಸಣ್ಣದು, ಇದು ಈಗ ಗೊತ್ತಾಯಿತು ಎಂದಳು. ಬಾಯಿಯ ಪಕ್ಕದಲ್ಲಿ ಎರಡು ಮಡಿಕೆ ಬಿದ್ದಿದೆ, ಗಲ್ಲ ಮೊನಚು. ಮೂಗಿನ ಬಗ್ಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ ಎಂದಳು. ಗಡಿಬಿಡಿ ಬೇಡ, ಗೆರೆ ಎಲ್ಲಿಂದ ಹೊರಡುತ್ತದೆ ಅಲ್ಲಿಂದ ಹೇಳು ಎಂದು ದೊಡ್ಡಮ್ಮ ಸಮಾಧಾನ ಮಾಡಿದಳು. ನಾನು ಅಡುಗೆಮನೆಗೆ ಹೋಗಿ ನರ್ಸಮ್ಮನ ಜೊತೆ ಚಹಾ ಕುಡಿದೆ. ಆ ಕೋಣೆಯಲ್ಲಿ ನನಗೆ ಕೆಲಸವಿರಲಿಲ್ಲ.

ಅಲ್ಲಿಂದ ಮುಂದೆ ಭಾನುವಾರಗಳು ಬದಲಾದವು. ಬಾಗಿಲಲ್ಲಿ ನಿಲ್ಲುವುದು ನಿಂತುಹೋಯಿತು. ಅಮ್ಮ ಕಿಟಕಿಯ ಹತ್ತಿರ ಕೂತು ತನ್ನ ಮುಖವನ್ನು ಹೇಳುತ್ತಿದ್ದಳು, ಪಾಠ ಒಪ್ಪಿಸುವ ಹಾಗೆ. ಕ್ರಮೇಣ ಅದರಲ್ಲಿ ಕೈಚಳಕವೂ ಸೇರಿತು. ಒಂದು ವಾರ ಬಾಯಿಯ ಮಡಿಕೆಗಳನ್ನು ಬಿಟ್ಟುಬಿಟ್ಟಳು, ಇನ್ನೊಂದು ವಾರ ಹುಬ್ಬಿಗೆ ಬಿಲ್ಲಿನ ಬಾಗು ಕೊಟ್ಟಳು. ಹೋದ ವಾರ ಮೂಗು ಇಷ್ಟು ನೇರ ಇರಲಿಲ್ಲವಲ್ಲ, ನಡುವೆ ಯಾರಾದರೂ ಇಸ್ತ್ರಿ ಮಾಡಿದರಾ ಎಂದು ದೊಡ್ಡಮ್ಮ ಕೇಳಿದಾಗ ಇಬ್ಬರೂ ಎಷ್ಟು ನಕ್ಕರೆಂದರೆ ಎದುರು ಮಹಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಕಿಟಕಿಯಲ್ಲಿ ಇಣುಕಿದ. ಅವರು ಹಾಗೆ ನಗುವುದನ್ನು ನಾನು ಮುಂಚೆ ಕಂಡಿರಲಿಲ್ಲ. ಆ ಚಳಿಗಾಲದಂಥ ಚಳಿಗಾಲ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಈಗ ನೆನೆದರೆ ಆ ಕೋಣೆಯ ಬಿಸಿ ಚಹಾ, ಒಗೆದ ಹೊದಿಕೆಯ ವಾಸನೆ, ದರ್ಜಿಯ ಯಂತ್ರದ ಸದ್ದು, ಎಲ್ಲವೂ ಬೇಕೆನಿಸುತ್ತದೆ. ಅದು ಮುಗಿಯುತ್ತದೆಂದು ನಮಗೆ ಅನ್ನಿಸಿಯೇ ಇರಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ದೊಡ್ಡಮ್ಮ ಇಳಿದುಹೋದಳು. ಹಾಸಿಗೆಯಿಂದ ಏಳುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಅಮ್ಮ ತನ್ನ ಮುಖ ಹೇಳಿ ಮುಗಿಸಿದಳು, ಮಡಿಕೆಗಳನ್ನೂ ಬಿಡದೆ, ಪ್ರಾಮಾಣಿಕವಾಗಿ. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ, ಕನ್ನಡಿಯಲ್ಲಿ ಯಾರೋ ಒಬ್ಬಳು ಮುದುಕಿ ಕಾಣುತ್ತಾಳೆ, ನಾನೇ ಇರಬೇಕು ಎಂದುಕೊಂಡು ತಲೆ ಬಾಚಿಕೊಳ್ಳುತ್ತೇನೆ ಎಂದಳು. ಅಲ್ಲಿಯವರೆಗೆ ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ನಮ್ಮ ಮುಖ ಅವಳಿಗೆ ತಿಳಿಯುತ್ತಿಲ್ಲ ಎಂದು ಮರುಗಿದ್ದೆವು, ಅವಳ ಮುಖವೇ ಅವಳಿಂದ ಹೋಗಿದೆ ಎಂದು ಹೊಳೆದಿರಲಿಲ್ಲ.

‘ನನ್ನದು ಹೇಗಿದೆ, ಹೇಳು’ ಎಂದಳು.

ಅಮ್ಮ ಬಾಯಿ ತೆರೆದಳು. ಹಣೆ ಎಂದಳು, ನಿಲ್ಲಿಸಿದಳು. ಅಕ್ಕನ ಕನ್ನಡಕ ಗೊತ್ತಿತ್ತು, ಬೈಗುಳ ಗೊತ್ತಿತ್ತು, ಕಟ್ಟಿಕೊಂಡ ಎರಡು ಕೈ ಗೊತ್ತಿತ್ತು. ಮಂಚದ ಅಂಚನ್ನು ಹಿಡಿದುಕೊಂಡು ಕೂತಳು.

‘ಅಕ್ಕ, ನಾನೂ ನಿನ್ನ ಮುಖ ಯಾವತ್ತೂ ನೋಡಿಲ್ಲ.’

ದೊಡ್ಡಮ್ಮ ನಗಲಿಲ್ಲ, ಬೈಯಲೂ ಇಲ್ಲ. ದಿಂಬಿನ ಮೇಲೆ ತಲೆಯನ್ನು ನಿಧಾನವಾಗಿ ಬೆಳಕಿನ ಕಡೆ ಹೊರಳಿಸಿ ಕೊಟ್ಟಳು. ಅಮ್ಮ ಅವಳ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು, ಹಣೆಯ ಮೇಲಿನ ಕೂದಲು ಸರಿಸಿದಳು, ಹತ್ತಿರ ಬಾಗಿದಳು. ಬಹಳ ಹೊತ್ತಿನ ಮೇಲೆ, ನಮ್ಮಿಬ್ಬರದ್ದೂ ಒಂದೇ ಮೂಗು ಎಂದಳು.